ತುಕ್ಕು ಹಿಡಿದದ್ದು ಒಳ್ಳೇದೇ ಆಯ್ತು

ಡೆಟ್ರಾಯಿಟ್ ಊರಿನ ಕೆಳಗೆ, ಸುಮಾರು 1,200 ಅಡಿ ಆಳದಲ್ಲಿ, ಒಂದು ಉಪ್ಪಿನ ಗಣಿ ಇದೆ. ಅಗೆಯಲು ತೊಡಗಿ ನೂರು ವರ್ಷ ಮೀರಿತು, ಉಪ್ಪು ಇನ್ನೂ ಮುಗಿದಿಲ್ಲ. ಚಳಿಗಾಲ ಬಂತೆಂದರೆ ಹಿಮ ಕರಗಿಸಲು ರಸ್ತೆಗೆಲ್ಲ ಉಪ್ಪು ಚೆಲ್ಲುತ್ತಾರೆ. ರಸ್ತೆಯ ಉಪ್ಪು ಕಾರಿನ ಹೊಟ್ಟೆಗೆ ಹತ್ತುತ್ತದೆ, ಕಾರಿಗೆ ತುಕ್ಕು ಹಿಡಿಯುತ್ತದೆ, ಜನ ಹೊಸ ಕಾರು ಕೊಳ್ಳುತ್ತಾರೆ. ಕಾರು ಮಾಡುವ ಊರು ಮೇಲೆ, ಕಾರು ತಿನ್ನುವ ಉಪ್ಪು ಕೆಳಗೆ. ಇಷ್ಟು ಮುಂದಾಲೋಚನೆಯಿಂದ ಕಟ್ಟಿದ ಇನ್ನೊಂದು ನಗರವನ್ನು ನಾನಂತೂ ಕಂಡಿಲ್ಲ.

ಹುಟ್ಟಿನಿಂದ ನಾನು ಚಳ್ಳಕೆರೆ ಸೀಮೆಯವನು. ನಮ್ಮಲ್ಲಿ ಕಬ್ಬಿಣಕ್ಕೆ ತುಕ್ಕು ಹಿಡಿಯಬೇಕಾದರೆ ಮೊದಲು ಮಳೆ ಬರಬೇಕು. ಮಳೆ ಬಂದರೆ ಕಬ್ಬಿಣ ನೋಡುತ್ತಾ ಕೂರಲು ಯಾರಿಗೂ ಪುರಸೊತ್ತಿಲ್ಲ, ಎಲ್ಲರೂ ಹೊಲದಲ್ಲಿರುತ್ತಾರೆ. ತುಕ್ಕಿನ ಪರಿಚಯ ನನಗಾದದ್ದು ಶಾಲೆಯ ವಿಜ್ಞಾನದ ಪುಸ್ತಕದಲ್ಲಿ. ಮೂರು ಪ್ರನಾಳ, ಮೂರು ಮೊಳೆ. ಒಂದರಲ್ಲಿ ಬರೀ ಒಣಗಾಳಿ, ಒಂದರಲ್ಲಿ ಕುದಿಸಿ ಆರಿಸಿ ಮೇಲೆ ಎಣ್ಣೆ ಹೊಯ್ದ ನೀರು, ಇನ್ನೊಂದರಲ್ಲಿ ಸಾದಾ ನೀರು. ಮೊದಲಿನ ಎರಡಕ್ಕೆ ಏನೂ ಆಗುವುದಿಲ್ಲ, ಮೂರನೆಯದು ಕೆಂಪಾಗುತ್ತದೆ. ಗಾಳಿ ನೀರು ಎರಡೂ ಕೂಡಿದರೇ ತುಕ್ಕು ಎಂದು ತಿಳಿಯಬೇಕು. ನಮ್ಮ ಶಾಲೆಯಲ್ಲಿ ಈ ಪ್ರಯೋಗ ಮಾಡಿದಾಗ ಮೂರೂ ಮೊಳೆ ಹೊಚ್ಚಹೊಸದಾಗಿಯೇ ಉಳಿದವು. ಮೂರನೆಯ ಪ್ರನಾಳದ ನೀರನ್ನು ಅದೇ ಮಧ್ಯಾಹ್ನ ಯಾರೋ ಕುಡಿದುಬಿಟ್ಟಿದ್ದರು. ಮೇಷ್ಟ್ರು, ‘ಪುಸ್ತಕದಲ್ಲಿರೋದನ್ನೇ ಬರ್ಕೊಳ್ರೋ’ ಅಂದರು. ಬರೆದುಕೊಂಡೆವು.

ನನ್ನ ಹೆಂಡತಿ ಸಾಗರದ ಕಡೆಯವಳು. ಅಲ್ಲಿಂದ ಒಂದಿಷ್ಟು ದೂರ ಹೋದರೆ ಆಗುಂಬೆ, ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರು. ಜೂನ್‌ನಿಂದ ನಾಲ್ಕು ತಿಂಗಳು ಅವರ ಮನೆಯಲ್ಲಿ ಬಟ್ಟೆ ಒಣಗುವುದಿಲ್ಲ, ಬೆಂಕಿಪೊಟ್ಟಣ ಹೊತ್ತುವುದಿಲ್ಲ, ಬಾಗಿಲು ಹಾಕಿದರೆ ತೆಗೆಯಲಾಗುವುದಿಲ್ಲ. ಮಳೆ ಹಿಡಿಯುವ ಮೊದಲೇ ಕತ್ತಿ, ಹಾರೆ, ಗುದ್ದಲಿ, ಅಡಿಕೆ ಸುಲಿಯುವ ಮೆಟ್ಟುಗತ್ತಿ ಎಲ್ಲಕ್ಕೂ ಎಣ್ಣೆ ಸವರಿ ಅಟ್ಟಕ್ಕೆ ಏರಿಸುವುದು ಅಲ್ಲಿಯ ವಾಡಿಕೆ. ಮದುವೆಯಾದ ಹೊಸತರಲ್ಲಿ ನಾನು ಅಲ್ಲಿಗೆ ಹೋಗಿದ್ದಾಗ, ರಾತ್ರಿ ಕಿಟಕಿಯ ಮೇಲಿಟ್ಟ ನನ್ನ ಕ್ಷೌರದ ಬ್ಲೇಡು ಬೆಳಗಾಗುವುದರೊಳಗೆ ಕೆಂಪಾಗಿತ್ತು. ಮೇಷ್ಟ್ರ ಮೂರನೆಯ ಮೊಳೆಯನ್ನು ಕೊನೆಗೂ ಕಂಡೆನಲ್ಲ ಎಂದು ನನಗೆ ಆದ ಸಂತೋಷ ಅವರ್‍ಯಾರಿಗೂ ಅರ್ಥವಾಗಲಿಲ್ಲ.

ಇದೆಲ್ಲ ಪೀಠಿಕೆ. ವಿಷಯ ಗ್ರಿಲ್ಲಿನದು.

ಈಗ ನಮ್ಮ ಮನೆ ಆ ಡೆಟ್ರಾಯಿಟ್ ಇರುವ ಮಿಶಿಗನ್ನಿನಲ್ಲೇ. ಪಕ್ಕದ ಮನೆಯ ಯಜಮಾನರು ಕಾರಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮಿಶಿಗನ್ನಿನ ಚಳಿ ಸಾಕೆಂದು ಫ್ಲಾರಿಡಾಕ್ಕೆ ಹೊರಟರು. ಹೊರಡುವ ಮುನ್ನ ಇಲ್ಲಿಯ ಪದ್ಧತಿಯಂತೆ ಮನೆಯ ಸಾಮಾನನ್ನೆಲ್ಲ ಗ್ಯಾರೇಜಿನ ಮುಂದೆ ಹರವಿ, ಒಂದೊಂದಕ್ಕೂ ಬೆಲೆಚೀಟಿ ಅಂಟಿಸಿ, ಮಡಚುವ ಕುರ್ಚಿಯಲ್ಲಿ ಕುಳಿತುಬಿಟ್ಟರು. ಆ ಸಾಮಾನಿನ ನಡುವೆ ಇದ್ದಿಲಿನ ಗ್ರಿಲ್ಲೊಂದು ನಿಂತಿತ್ತು. ಅಡ್ಡಲಾಗಿ ಮಲಗಿಸಿದ ಡ್ರಮ್ಮು, ಮೇಲೆ ಮುಚ್ಚಳ, ಒಳಗೆ ಎರಕದ ಕಬ್ಬಿಣದ ಸರಳುಗಳ ಜೋಡಿ ಜಾಲರಿ, ಕೆಳಗೆ ಎರಡು ಚಕ್ರ. ಚೀಟಿಯ ಮೇಲೆ 25 ಡಾಲರ್ ಎಂದಿತ್ತು. ನಾನು ಮುಚ್ಚಳ ತೆಗೆದು ಒಳಗೆ ನೋಡಿದೆ, ಅವರು 20 ಅಂದರು. ಇನ್ನೊಮ್ಮೆ ತೆಗೆದೆ, 15 ಆಯಿತು. ಮತ್ತೆ ಮುಚ್ಚಳಕ್ಕೆ ಕೈ ಹಾಕುವಷ್ಟರಲ್ಲಿ ಅವರೇ ಎದ್ದು ಬಂದು, ‘ಸುಮ್ಮನೆ ತಗೊಂಡು ಹೋಗಿ’ ಎಂದು ಗ್ರಿಲ್ಲನ್ನು ನಮ್ಮ ಅಂಗಳದವರೆಗೆ ತಳ್ಳಿಕೊಟ್ಟರು. ಚಕ್ರ ತಿರುಗಲಿಲ್ಲ, ಇಬ್ಬರೂ ಎತ್ತಿದೆವು ಎನ್ನುವುದೇ ಸರಿ.

ಅದೇ ಬೇಸಿಗೆಯಲ್ಲಿ ಮಾವನವರೂ ಅತ್ತೆಯವರೂ ಆರು ತಿಂಗಳ ಪ್ರವಾಸಿ ವೀಸಾದಲ್ಲಿ ಬಂದಿದ್ದರು. ಮಕ್ಕಳ ಮನೆಗೆ ಅಮೆರಿಕಕ್ಕೆ ಬಂದ ತಂದೆತಾಯಿಗಳ ಕಷ್ಟ ಅದನ್ನು ಕಂಡವರಿಗೇ ಗೊತ್ತು. ಮನೆಯಲ್ಲಿ ಎಲ್ಲವೂ ಇರುತ್ತದೆ, ಕೆಲಸವೊಂದೇ ಇರುವುದಿಲ್ಲ. ಊರಲ್ಲಿ ಎರಡು ಎಕರೆ ತೋಟ, ಕೊಟ್ಟಿಗೆ, ಸೊಸೈಟಿ ಮೀಟಿಂಗು, ಮೂರು ಮದುವೆ, ಎರಡು ತಿಥಿ ಎಂದು ಓಡಾಡಿಕೊಂಡಿದ್ದ ಮಾವನವರು ಇಲ್ಲಿ ಕಿಟಕಿಯ ಬಳಿ ಕುಳಿತು ರಸ್ತೆಯಲ್ಲಿ ಹೋಗುವ ಕಾರು ನೋಡುತ್ತಿದ್ದರು. ಅದೂ ಬೆಳಿಗ್ಗೆ ಎಂಟಕ್ಕೆ ಮತ್ತು ಸಂಜೆ ಐದಕ್ಕೆ ಮಾತ್ರ. ನಡುವೆ ಅಳಿಲು.

ಬೇಸರ ಕಳೆಯಲಿ ಎಂದು ನಯಾಗರಕ್ಕೆ ಕರೆದುಕೊಂಡು ಹೋದೆವು. ಜೋಗದ ಪಕ್ಕದಲ್ಲಿ ಹುಟ್ಟಿ ಬೆಳೆದವರನ್ನು ಜಲಪಾತ ತೋರಿಸಲು ಒಯ್ಯುವುದು ಧೈರ್ಯದ ಕೆಲಸವೇ. ಮಾವನವರು ಕಟಕಟೆ ಹಿಡಿದು ಬಹಳ ಹೊತ್ತು ನೋಡಿದರು.

‘ಇದರಲ್ಲಿ ಕರೆಂಟ್ ತೆಗೀತಾರಾ?’

‘ತೆಗೀತಾರೆ ಮಾವ. ಆದ್ರೆ ನೋಡೋಕೆ ಬರೋ ಜನಕ್ಕೆ ಅಂತ ಇಷ್ಟು ನೀರು ಬಿಡಲೇಬೇಕು ಅಂತ ಅಮೆರಿಕಕ್ಕೂ ಕೆನಡಾಕ್ಕೂ 1950ರಲ್ಲೇ ಒಪ್ಪಂದ ಆಗಿದೆ.’

‘ನಮ್ಮಲ್ಲಿ ನೋಡುವವರೂ ನಮ್ಮವರೇ, ಕರೆಂಟ್ ಬೇಕಾದವರೂ ನಮ್ಮವರೇ. ಒಪ್ಪಂದಕ್ಕೆ ಇನ್ನೊಂದು ದೇಶ ಎಲ್ಲಿಂದ ತರೋದು’ ಎಂದು ಕಾರಿನ ಕಡೆಗೆ ನಡೆದರು. ನಯಾಗರ ಅಲ್ಲಿಗೆ ಮುಗಿಯಿತು.

ಹೀಗಿದ್ದ ಮಾವನವರು ಒಂದು ಶನಿವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಿತ್ತಲಿಗೆ ಬಂದರು. ನಾನು ಗ್ರಿಲ್ಲಿನ ಮುಚ್ಚಳ ಎತ್ತಿ ನಿಲ್ಲಿಸಿ ಒಳಗೆ ನೋಡುತ್ತಿದ್ದೆ. ಅವರೂ ಬಗ್ಗಿ ನೋಡಿದರು. ಭಾರತ ಬಿಟ್ಟ ಮೇಲೆ ಮೊದಲ ಬಾರಿಗೆ ಅವರ ಮುಖದಲ್ಲಿ ಪರಿಚಿತರನ್ನು ಕಂಡ ಗೆಲುವು ಕಾಣಿಸಿತು.

‘ಓಹೋ! ಇಲ್ಲಿಯೂ ಉಂಟಾ ಇದು?’

ಒಳಗಿದ್ದದ್ದು ಒಂದು ಬಗೆಯ ತುಕ್ಕಲ್ಲ. ಜಾಲರಿಯ ಸರಳುಗಳ ಮೇಲೆ ಕಿತ್ತಳೆ ಬಣ್ಣದ ನಯವಾದ ಹುಡಿ, ಬೆರಳಲ್ಲಿ ಒರೆಸಿದರೆ ಬರುವಂಥದ್ದು. ಡ್ರಮ್ಮಿನ ತಳದಲ್ಲಿ ಹಳೆಯ ಬೂದಿ ಹಿಮದ ನೀರು ಕುಡಿದು ಗಟ್ಟಿಯಾಗಿ ಕುಳಿತಿತ್ತು, ಅದನ್ನು ಕೆದಕಿದರೆ ಅಡಿಯಲ್ಲಿ ಪದರುಪದರಾಗಿ ಏಳುವ ಕಂದು ಹಕ್ಕಳೆ. ಮುಚ್ಚಳದ ಒಳಮೈಯಿಂದ ಕಪ್ಪು ಚಕ್ಕೆಗಳು ನೇತಾಡುತ್ತಿದ್ದವು. ಮಾವನವರು ಲೋಟವನ್ನು ಕಟ್ಟೆಯ ಮೇಲಿಟ್ಟು, ಹಲಸಿನ ಹಣ್ಣು ತಟ್ಟಿ ನೋಡುವ ಹಾಗೆ ಡ್ರಮ್ಮಿನ ತಳವನ್ನು ಬೆರಳ ಗೆಣ್ಣಿನಿಂದ ಉದ್ದಕ್ಕೂ ತಟ್ಟುತ್ತಾ ಹೋದರು. ಟಣ್, ಟಣ್, ಟಣ್, ಟಪ್. ಟಪ್ ಅಂದ ಕಡೆ ಒಂದು ಸ್ಕ್ರೂಡ್ರೈವರ್ ತರಿಸಿ ಒತ್ತಿದರು. ಅದು ಸಲೀಸಾಗಿ ಆಚೆ ಹೋಯಿತು.

‘ಇಷ್ಟೇ ಹೋಗಿದ್ದು. ಉಳಿದದ್ದಕ್ಕೆ ಜೀವ ಉಂಟು’ ಎಂದು ತೀರ್ಪು ಕೊಟ್ಟರು.

ಬಳಸಿದ ಗ್ರಿಲ್ಲು ಕೊಳ್ಳುವವರು ತಿಳಿಯಬೇಕಾದ ವಿದ್ಯೆ ಬಹುಮಟ್ಟಿಗೆ ಈ ತಟ್ಟುವುದೇ. ಕೆಂಪು ಕಂಡೊಡನೆ ಹೆದರಿ ಹಿಂದೆ ಸರಿಯುವವರು ಅನ್ಯಾಯವಾಗಿ ಒಳ್ಳೆಯ ಕಬ್ಬಿಣವನ್ನು ಗುಜರಿಗೆ ಕಳಿಸುತ್ತಾರೆ. ಮೇಲಿನ ಹುಡಿತುಕ್ಕು ಉಜ್ಜಿದರೆ ಹೋಗುತ್ತದೆ. ಪದರು ಪದರಾಗಿ ಏಳುವುದೇ ಕೇಡು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ಜಾಗ ಸಾಲದೆ ಉಬ್ಬಿ ಕಳಚಿ ಬೀಳುತ್ತದೆ. ಬಿದ್ದ ಕಡೆ ಹೊಸ ಕಬ್ಬಿಣ ಗಾಳಿಗೆ ಸಿಗುತ್ತದೆ. ಅಲ್ಯೂಮಿನಿಯಮ್ಮಿಗೂ ಗಾಳಿ ತಾಗುತ್ತದೆ, ಆದರೆ ಅದರ ತುಕ್ಕು ಮೈಗೆ ಗಟ್ಟಿಯಾಗಿ ಅಂಟಿಕೊಂಡು ಒಳಗಿನದನ್ನು ಕಾಯುತ್ತದೆ. ಕಬ್ಬಿಣಕ್ಕೆ ಆ ಜಾಣತನವಿಲ್ಲ. ಮಾವನವರು ಇದನ್ನೇ ಬೇರೆ ರೀತಿಯಲ್ಲಿ ಹೇಳಿದರು. ತೋಟದ ಕೊಳೆರೋಗಕ್ಕೆ ಮೈಲುತುತ್ತ ಸುಣ್ಣ ಕಲಸಿ ಬೋರ್ಡೋ ದ್ರಾವಣ ಮಾಡುತ್ತಾರಲ್ಲ, 100 ಲೀಟರ್ ನೀರಿಗೆ ಒಂದು ಕೆಜಿ ತುತ್ತ, ಒಂದು ಕೆಜಿ ಸುಣ್ಣ. ಸುಣ್ಣ ಸಾಕಾಯಿತೋ ಇಲ್ಲವೋ ನೋಡಲು ಹೊಳೆಯುವ ಕತ್ತಿಯನ್ನು ಅದರಲ್ಲಿ ಅದ್ದುತ್ತಾರೆ. ಕತ್ತಿಯ ಮೇಲೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಕಡಿಮೆ. ‘ಕಬ್ಬಿಣ ಯಾರು ಕೇಳಿದರೂ ತನ್ನದನ್ನು ಕೊಟ್ಟುಬಿಡ್ತದೆ. ತಾಮ್ರ ಕೇಳಿದ್ರೂ ಕೊಡ್ತದೆ, ಗಾಳಿ ಕೇಳಿದ್ರೂ ಕೊಡ್ತದೆ. ಹಾಗಾಗಿ ಅದು ಉಳಿಯೋದಿಲ್ಲ.’ ಇಲೆಕ್ಟ್ರಾನು ಎನ್ನುವ ಮಾತೊಂದನ್ನು ಬಿಟ್ಟರೆ ರಸಾಯನಶಾಸ್ತ್ರ ಹೇಳುವುದೂ ಇದನ್ನೇ.

ಅಷ್ಟರಲ್ಲಿ ಅತ್ತೆಯವರು ಬಂದರು. ನಾನು ಕಾಯುತ್ತಿದ್ದ ಗಂಡಾಂತರ ಇದೇ. ಅವರು ಗ್ರಿಲ್ಲಿನಿಂದ ಎರಡು ಮಾರು ದೂರದಲ್ಲೇ ನಿಂತು ಕೇಳಿದರು:

‘ಇದರಲ್ಲಿ ಮೊದಲು ಎಂತ ಸುಡ್ತಿದ್ರು?’

‘ಜೋಳ’ ಅಂದೆ. ಇದನ್ನು ಬಳಸಿದ ಹದಿನೈದು ಬೇಸಿಗೆಯಲ್ಲಿ ಪಕ್ಕದ ಮನೆಯವರು ಎಂದಾದರೂ ಒಮ್ಮೆ ಜೋಳ ಸುಟ್ಟೇ ಇರುತ್ತಾರೆ ಎಂಬ ನಂಬಿಕೆ ನನಗಿತ್ತು.

‘ಜೋಳಕ್ಕೆ ಇಷ್ಟು ಜಿಡ್ಡು ಬರ್ತದಾ?’

ನಾನು ಮುಚ್ಚಳದ ಚಕ್ಕೆಗಳನ್ನು ತೋರಿಸಿ, ಅದು ಜಿಡ್ಡಲ್ಲ ಬಣ್ಣ, ಬಣ್ಣ ಏಳುತ್ತಿದೆ ಎನ್ನಬಹುದಿತ್ತು. ನೋಡಿದವರೆಲ್ಲ ಹಾಗೆಯೇ ತಿಳಿಯುತ್ತಾರೆ. ಆದರೆ ಇಂಥ ಗ್ರಿಲ್ಲಿನ ಮುಚ್ಚಳದ ಒಳಗೆ ಅದು ಸಾಮಾನ್ಯವಾಗಿ ಬಣ್ಣವಾಗಿರುವುದಿಲ್ಲ. ವರ್ಷಗಟ್ಟಲೆ ಹೊಗೆಯೂ ಕೊಬ್ಬೂ ಹತ್ತಿ ಕಾದು ಇದ್ದಿಲಾಗಿ ಚಕ್ಕೆ ಏಳುವುದು. ಅದು ಗೊತ್ತಿಲ್ಲದವರು ಒಳಗೆಲ್ಲ ಹೊಸ ಬಣ್ಣ ಬಳಿದು ಅನ್ನದ ಮೇಲೆ ಬಣ್ಣದ ಹೊಗೆ ಹಾಯಿಸುತ್ತಾರೆ. ಹೊರಮೈಗೆ ಶಾಖ ತಡೆಯುವ ಬಣ್ಣ ಹೊಡೆಯಿರಿ, ಒಳಗೆ ಬಣ್ಣ ಬೇಡ, ಕೆರೆದು ತೆಗೆದರೆ ಸಾಕು. ಇಷ್ಟನ್ನೂ ಅತ್ತೆಯವರಿಗೆ ಹೇಳಲು ಹೊರಟರೆ ‘ಕೊಬ್ಬು’ ಎಂಬ ಪದ ದಾಟಿ ಮುಂದೆ ಹೋಗುವಂತಿರಲಿಲ್ಲ. ಸುಮ್ಮನಾದೆ.

ಕಾಪಾಡಿದವರು ಮಾವನವರೇ. ‘ನೋಡು, ಈ ಕಬ್ಬಿಣದ ಮೇಲಿನ ಮೈ ಪೂರಾ ತುಕ್ಕಾಗಿದೆ. ತುಕ್ಕನ್ನೆಲ್ಲ ಕೆರೆದು ತೆಗೀತೇವೆ. ಅವರು ಎಂತ ಸುಟ್ಟಿದ್ರೂ ಅದು ತಾಗಿದ್ದು ಆ ಮೈಗೆ. ಆ ಮೈಯೇ ಹೋದಮೇಲೆ ಎಂತ ಉಳೀತು? ಮೇಲೆ ಬೆಂಕಿ ಬೇರೆ ಹಾಕ್ತೇವೆ.’

ಅತ್ತೆಯವರು ಯೋಚಿಸಿದರು. ಪಾತ್ರೆಗಳ ಶುದ್ಧಿಯ ವಿಷಯದಲ್ಲಿ ಅವರದು ದೊಡ್ಡ ಪಾಂಡಿತ್ಯ. ಕಂಚಿಗೆ ಬೂದಿ, ತಾಮ್ರಕ್ಕೆ ಹುಳಿ, ಮಣ್ಣಿಗೆ ಪ್ರಾಯಶ್ಚಿತ್ತವೇ ಇಲ್ಲ ಎಂಬಿತ್ಯಾದಿ. ಆದರೆ ಮೈಲಿಗೆಯನ್ನೇ ತುಕ್ಕು ತಿಂದುಹಾಕುವ ಮಾರ್ಗ ಅವರಿಗೂ ಹೊಸತು.

‘ಹಾಗಾದ್ರೆ ತುಕ್ಕು ಹಿಡಿದದ್ದು ಒಳ್ಳೇದೇ ಆಯ್ತು’ ಎಂದು ಹತ್ತಿರ ಬಂದರು. ಒಂದು ಷರತ್ತು ಹಾಕಿದರು: ಎಲ್ಲಿಯೂ ಹಳೆಯ ಮೈ ಉಳಿಯಕೂಡದು. ತುಕ್ಕಿಲ್ಲದ ಜಾಗವಿದ್ದರೆ ಅದನ್ನೂ ಕೆರೆಯಬೇಕು. ಅಮೆರಿಕದಲ್ಲಿ ಗ್ರಿಲ್ಲಿಗೆ ತುಕ್ಕು ಸಾಲದೆಂದು ತಕರಾರು ತೆಗೆದವರು ಅವರೊಬ್ಬರೇ ಇರಬೇಕು.

ಕೆಲಸ ಶುರುವಾಯಿತು. ಇಲ್ಲಿಯ ಪದ್ಧತಿ ವಿನಿಗರ್. ಗ್ಯಾಲನ್ ಕ್ಯಾನುಗಳಲ್ಲಿ ಬಿಳಿ ವಿನಿಗರ್ ಸಿಗುತ್ತದೆ, ಅದರಲ್ಲಿ 5 ಶೇಕಡಾ ಅಸಿಟಿಕ್ ಆಮ್ಲ. ಜಾಲರಿಯನ್ನು ಅದರಲ್ಲಿ ರಾತ್ರಿಯಿಡೀ ಮುಳುಗಿಸಿಟ್ಟರೆ ತುಕ್ಕು ಸಡಿಲವಾಗುತ್ತದೆ. ಅತ್ತೆಯವರಿಗೆ ಅದರ ವಾಸನೆ ಹಿಡಿಸಲಿಲ್ಲ. ‘ಹುಳಿ ಯಾವುದಾದ್ರೇನು, ಹುಣಸೆಹಣ್ಣು ಹಾಕಿದ್ರೂ ಆಗ್ತದಲ್ಲ’ ಎಂದರು. ಆಗುತ್ತದೆ, ಅದರಲ್ಲಿರುವುದು ಟಾರ್ಟಾರಿಕ್ ಆಮ್ಲ. ಆದರೆ ಇಲ್ಲಿಯ ಇಂಡಿಯನ್ ಅಂಗಡಿಯಲ್ಲಿ ಹುಣಸೆಹಣ್ಣಿನ ದರಕ್ಕೆ ಹೊಸ ಗ್ರಿಲ್ಲೇ ಬಂದೀತು. ಎದುರುಮನೆಯ ಹುಡುಗ ಬೇಲಿಯ ಮೇಲಿಂದ ಇಣುಕಿ ಕೋಲಾ ಸುರಿಯಿರಿ ಎಂದ. ಅದೂ ಸುಳ್ಳಲ್ಲ, ಕೋಲಾದಲ್ಲಿ ಫಾಸ್ಫಾರಿಕ್ ಆಮ್ಲ ಇರುತ್ತದೆ. ಹುಡುಗನ ಮಾತನ್ನು ಮಾವನವರಿಗೆ ಕನ್ನಡಿಸಿದೆ. ‘ಇದನ್ನು ಕಬ್ಬಿಣಕ್ಕೂ ಹಾಕ್ತಾರೆ, ಕುಡಿಯೋದೂ ಉಂಟಾ?’ ಎಂದು ಹುಡುಗನನ್ನು ಕನಿಕರದಿಂದ ನೋಡಿದರು.

ಕಬ್ಬಿಣ ಉಳಿಸುವ ಮಾತು ಬಂದದ್ದೇ ತಡ, ಮಾವನವರಿಗೆ ಕೊಡಚಾದ್ರಿ ನೆನಪಾಯಿತು. ಬೆಟ್ಟದ ಮೇಲೆ ಮೂಲ ಮೂಕಾಂಬಿಕೆಯ ಗುಡಿಯ ಹತ್ತಿರ ಒಂದು ಕಬ್ಬಿಣದ ಕಂಬ ಇದೆಯಲ್ಲ, ಆ ಮಳೆಯಲ್ಲಿ, ಆ ಮಂಜಿನಲ್ಲಿ ಎಷ್ಟೋ ತಲೆಮಾರಿನಿಂದ ನಿಂತಿದೆ, ಕರಗಿಲ್ಲ, ಮುರಿದಿಲ್ಲ. ‘ನಿಮ್ಮ ಅಮೆರಿಕದವರು ಒಂದು ಒಲೆ ಮಾಡಿದ್ರೆ ಹದಿನೈದು ವರ್ಷಕ್ಕೆ ತೂತು.’ ಅಮೆರಿಕ ನನ್ನದಾದದ್ದು ಯಾವಾಗ ಎಂದು ತಿಳಿಯದಿದ್ದರೂ ಅದರ ಮಾನ ಉಳಿಸುವ ಬದಲು ನಾನು ದೆಹಲಿಯ ಕಂಬವನ್ನು ಎಳೆದುತಂದೆ. ಕುತುಬ್ ಮಿನಾರಿನ ಪಕ್ಕದಲ್ಲಿರುವ ಗುಪ್ತರ ಕಾಲದ ಆ ಕಂಬಕ್ಕೆ ಸುಮಾರು 1,600 ವರ್ಷ. ಕಾನ್ಪುರ ಐಐಟಿಯ ಆರ್. ಬಾಲಸುಬ್ರಮಣಿಯಂ ಅದನ್ನೇ ವರ್ಷಾನುಗಟ್ಟಲೆ ಅಭ್ಯಾಸ ಮಾಡಿ ಹೇಳಿದ್ದಿಷ್ಟು: ಆ ಕಬ್ಬಿಣದಲ್ಲಿ ರಂಜಕ, ಎಂದರೆ ಫಾಸ್ಫರಸ್, ಹೆಚ್ಚಾಗಿದೆ, ಅದರಿಂದ ಮೈಮೇಲೆ ತೆಳುವಾದ ಗಟ್ಟಿ ಪದರ ಕಟ್ಟಿಕೊಂಡಿದೆ, ಆ ಪದರವೇ ಕಾವಲು. ಈಗಿನ ಉಕ್ಕಿನ ಕಾರ್ಖಾನೆಗಳು ಅದೇ ರಂಜಕವನ್ನು ಕಲ್ಮಶವೆಂದು ತೆಗೆದುಹಾಕುತ್ತವೆ.

‘ಅಂದ್ರೆ ಶುದ್ಧ ಮಾಡಿ ಮಾಡಿಯೇ ಹಾಳಾಯ್ತು ಅನ್ನಿ’ ಎಂದರು ಮಾವನವರು, ಅತ್ತೆಯವರ ಕಡೆ ನೋಡದೆ.

ಉಜ್ಜುವುದಕ್ಕೆ ನಾನು ತಂತಿಯ ಬ್ರಷ್ ತಂದಿದ್ದೆ. ಅದನ್ನು ನನ್ನ ಹೆಂಡತಿ ಕಸಿದುಕೊಂಡಳು. ಅವಳು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು, ಅವಳಿಗೆ ಗೊತ್ತಿರುವ ಕಥೆಗಳೆಲ್ಲ ಊಟ ಬಿಡಿಸುವಂಥವು. ಗ್ರಿಲ್ ಉಜ್ಜುವ ಬ್ರಷ್ಷಿನ ತಂತಿ ಉದುರಿ ಜಾಲರಿಗೆ ಅಂಟಿ, ಅಲ್ಲಿಂದ ತಿಂಡಿಗೆ ಸೇರಿ, ಗಂಟಲಿಗೋ ಕರುಳಿಗೋ ಚುಚ್ಚಿ ಜನ ಆಸ್ಪತ್ರೆಗೆ ಬರುತ್ತಾರೆ. ರೋಡ್ ಐಲೆಂಡಿನಲ್ಲಿ ಇಂಥ ಆರು ಜನರ ವಿಷಯವನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರವೇ 2012ರಲ್ಲಿ ಪ್ರಕಟಿಸಿತ್ತು. ‘ಅದೂ ಅಲ್ಲದೆ ತುಕ್ಕು ಚುಚ್ಚಿದರೆ ಧನುರ್ವಾಯು’ ಎಂದು ನಾನು ಸೇರಿಸಿದೆ. ‘ಅದು ತುಕ್ಕಿನಿಂದ ಬರಲ್ಲ, ಮಣ್ಣಲ್ಲಿರೋ ಬ್ಯಾಕ್ಟೀರಿಯಾದಿಂದ ಬರುತ್ತೆ. ಆಳದ ಗಾಯ ಆದ್ರೆ ಅಪಾಯ ಜಾಸ್ತಿ ಅಷ್ಟೇ. ಸುಮ್ನೆ ತುಕ್ಕಿನ ಮೇಲೆ ಹೇಳ್ಬೇಡಿ’ ಎಂದು ನನ್ನನ್ನೂ ತಿದ್ದಿದಳು. ಮಲೆನಾಡಿನವರು ತುಕ್ಕಿನ ಮೇಲೆ ಸುಳ್ಳು ಆರೋಪ ಸಹಿಸುವುದಿಲ್ಲ.

ಬ್ರಷ್ ಹೋಯಿತು, ಅತ್ತೆಯವರು ಬಂದರು. ಇಂಡಿಯನ್ ಅಂಗಡಿಯಿಂದ ಜುಟ್ಟಿನ ಸಮೇತ ತೆಂಗಿನಕಾಯಿ ತರಿಸಿದರು, ಜುಟ್ಟು ಬಿಚ್ಚಿ ನಾರಿನ ಮುಷ್ಟಿ ಕಟ್ಟಿದರು, ಡ್ರಮ್ಮಿನ ತಳದ ಹಳೆಯ ಬೂದಿಯನ್ನೇ ಜರಡಿ ಹಿಡಿದು ಹುಡಿ ಮಾಡಿದರು. ಜಾಲರಿಯನ್ನು ಹುಲ್ಲಿನ ಮೇಲೆ ಹಾಕಿ, ಎದುರು ಚಕ್ಕಳಮಕ್ಕಳ ಕುಳಿತು, ಒಂದೊಂದು ಸರಳನ್ನೂ ಉಜ್ಜತೊಡಗಿದರು. ಯಾವ ಬೂದಿ ನೀರು ಹಿಡಿದಿಟ್ಟುಕೊಂಡು ಕಬ್ಬಿಣವನ್ನು ತಿಂದಿತ್ತೋ ಅದರಿಂದಲೇ ಕಬ್ಬಿಣ ಬೆಳಗುತ್ತಿತ್ತು. ರಸ್ತೆಯಲ್ಲಿ ನಾಯಿ ಹಿಡಿದು ಹೊರಟವರು ನಿಂತು ನೋಡಿದರು. ಒಬ್ಬಾಕೆ, ಇದು ಯಾವ ಕಂಪನಿಯ ಸ್ಕ್ರಬ್ಬರ್, ಎಲ್ಲಿ ಸಿಗುತ್ತದೆ ಎಂದು ಕೇಳಿದಳು. ಅತ್ತೆಯವರು ತೆಂಗಿನಕಾಯಿ ಎತ್ತಿ ತೋರಿಸಿದರು.

ಉಜ್ಜಿ ತೊಳೆದಮೇಲೆ ನಿಧಾನ ಮಾಡುವಂತಿಲ್ಲ. ಬರೀ ಮೈಯ ಕಬ್ಬಿಣ ಒದ್ದೆಯಿದ್ದರೆ ನೋಡುನೋಡುತ್ತಲೇ ಮತ್ತೆ ಕೆಂಪಾಗುತ್ತದೆ. ವಿನಿಗರಿನ ಹುಳಿ ಸರಳಿನ ಸಂದಿಯಲ್ಲಿ ಉಳಿಯದಂತೆ ಅಡುಗೆ ಸೋಡಾದ ನೀರು ಹೊಯ್ದು, ಇನ್ನೊಮ್ಮೆ ತೊಳೆದು, ಬಟ್ಟೆಯಲ್ಲಿ ಒರೆಸಿ ಬೆಂಕಿಯ ಮೇಲಿಟ್ಟು ಒಣಗಿಸಬೇಕು. ಆಮೇಲೆ ಎಣ್ಣೆ. ಮಾವ ಅಳಿಯಂದಿರ ನಡುವೆ ಇದ್ದ ಸೌಹಾರ್ದ ಎಣ್ಣೆಯ ಹತ್ತಿರ ಬಂದು ಮುಗ್ಗರಿಸಿತು.

ಅವರದು ಕೊಬ್ಬರಿಎಣ್ಣೆ. ಕತ್ತಿಗೆ ಅದು, ಬೀಗಕ್ಕೆ ಅದು, ತಲೆಗೆ ಅದು, ಗ್ರಿಲ್ಲಿಗೂ ಅದೇ. ನನ್ನದು ಅಗಸೆಎಣ್ಣೆ. ಅಟ್ಟಕ್ಕೆ ಏರಿಸಿಡುವ ಕತ್ತಿಗೆ ಕೊಬ್ಬರಿಎಣ್ಣೆ ಸರಿ, ಅದು ನೀರು ತಾಗದಂತೆ ಕಾಯುತ್ತದೆ. ಬೆಂಕಿಯ ಮೇಲಿನ ಸರಳಿಗೆ ಅಷ್ಟು ಸಾಲದು, ಎಣ್ಣೆ ಅಲ್ಲಿ ಗಟ್ಟಿ ಪದರವಾಗಿ ಕೂರಬೇಕು. ಅಗಸೆಎಣ್ಣೆ, ಸೋಯಾ ಎಣ್ಣೆಯಂಥವು ಕಾದಾಗ ಗಾಳಿಯ ಆಮ್ಲಜನಕ ಹಿಡಿದುಕೊಂಡು ಒಂದಕ್ಕೊಂದು ಹೆಣೆದು ಗಟ್ಟಿಯಾಗುತ್ತವೆ. ಕೊಬ್ಬರಿಎಣ್ಣೆ ಆ ಕೆಲಸಕ್ಕೆ ಸೋಮಾರಿ. ಕಬ್ಬಿಣ ತಿನ್ನುವುದೂ ಆಮ್ಲಜನಕ, ಕಬ್ಬಿಣಕ್ಕೆ ಹೊದಿಕೆ ನೇಯುವುದೂ ಆಮ್ಲಜನಕ, ನಡುವೆ ಯಾವ ಎಣ್ಣೆ ಇಟ್ಟಿದ್ದೇವೆ ಎನ್ನುವುದರ ಮೇಲೆ ಹೋಗುತ್ತದೆ. ನಾನು ಇದನ್ನು ಬಹಳ ಚೆನ್ನಾಗಿ ವಿವರಿಸಿದೆನೆಂದೇ ನನ್ನ ಭಾವನೆ.

ಮಾವನವರು ಪೂರ್ತಿ ಕೇಳಿ, ‘ನೀವು ಓದಿದವರು, ನಿಮಗೆ ಗೊತ್ತಿರ್ತದೆ’ ಎಂದರು.

ಈ ವಾಕ್ಯದ ಮುಂದೆ ಗೆದ್ದ ಅಳಿಯ ಯಾರೂ ಇಲ್ಲ. ಎಡಗಡೆಯ ಜಾಲರಿಗೆ ಕೊಬ್ಬರಿಎಣ್ಣೆ, ಬಲಗಡೆಯದಕ್ಕೆ ಅಗಸೆಎಣ್ಣೆ ಎಂದು ರಾಜಿಯಾಯಿತು. ಸವರುವುದು ಹೇಗೆ ಎನ್ನುವುದರಲ್ಲಿ ಮಾತ್ರ ಭಿನ್ನಮತವಿರಲಿಲ್ಲ. ಅತ್ತೆಯವರು ದೋಸೆ ಕಾವಲಿಗೆ ಸವರುವಂತೆಯೇ ಬದನೆಕಾಯಿ ತೊಟ್ಟನ್ನು ಎಣ್ಣೆಯಲ್ಲಿ ಅದ್ದಿ, ಸವರಿದ್ದು ಕಂಡೂ ಕಾಣದಷ್ಟು ತೆಳುವಾಗಿ ಬಳಿದರು. ದಪ್ಪವಾದರೆ ಅಂಟಂಟಾಗುತ್ತದೆ. ಇಲ್ಲಿಯ ಗ್ರಿಲ್ ಪಂಡಿತರು ಇದೇ ಕೆಲಸಕ್ಕೆ ಅರ್ಧ ಈರುಳ್ಳಿ ಚುಚ್ಚಿ ಹಿಡಿಯುತ್ತಾರೆ. ಅತ್ತೆಯವರು ಈರುಳ್ಳಿಯನ್ನು ಆ ಶುದ್ಧವಾದ ಕಬ್ಬಿಣದ ಹತ್ತಿರ ಬಿಟ್ಟುಕೊಳ್ಳಲಿಲ್ಲ.

ಉಳಿದದ್ದು ತಳದ ತೂತು. ತೂತಿನಿಂದ ಕೆಂಡ ಬಿದ್ದರೆ ಕೆಳಗೆ ಮರದ ಡೆಕ್ಕು, ಡೆಕ್ಕಿಗೆ ಅಂಟಿ ಮನೆ, ಮನೆಗೆ ಅಂಟಿ ಮೂವತ್ತು ವರ್ಷದ ಸಾಲ. ತಗಡು ತರೋಣವೆಂದು ಹಾರ್ಡ್‌ವೇರ್ ಅಂಗಡಿಗೆ ಹೋದೆವು. ಸತು ಲೇಪಿಸಿದ ತಗಡು ಕೈಗೆತ್ತಿಕೊಂಡಾಗ ಅಲ್ಲಿದ್ದ ವಯಸ್ಸಾದ ಗುಮಾಸ್ತ, ಯಾತಕ್ಕೆ ಎಂದು ಕೇಳಿ, ಗ್ರಿಲ್ಲಿಗೆ ಎಂದೊಡನೆ ಕಿತ್ತು ವಾಪಸ್ ಇಟ್ಟ. ಕೆಂಡದ ಕಾವಿಗೆ ಸತು ಹೊಗೆಯಾಗಿ ಏಳುತ್ತದೆ, ಅದನ್ನು ಉಸಿರಾಡಿದರೆ ಜ್ವರ ಬರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ತಗೊಳ್ಳಿ ಎಂದು ಬೆಲೆ ತೋರಿಸಿದ. ಬೆಲೆ ನೋಡಿ ಮಾವನವರು ನನ್ನ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದರು.

‘ಸ್ಟೀಲ್ ಅಂದ್ರೆ ನಮ್ಮ ಊಟದ ತಟ್ಟೆ ಅಲ್ಲವಾ?’

ಹೌದಲ್ಲ! ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕನಿಷ್ಠ 10.5 ಶೇಕಡಾ ಕ್ರೋಮಿಯಂ ಇರುತ್ತದೆ, ಅದರ ಕಣ್ಣಿಗೆ ಕಾಣದ ಪದರವೇ ತುಕ್ಕು ತಡೆಯುತ್ತದೆ. ತಟ್ಟೆಯೂ ಅದೇ, ಅಂಗಡಿಯ ಫಲಕವೂ ಅದೇ. ಮನೆಯಲ್ಲಿ ಊರಿಂದ ತಂದ ದೊಡ್ಡ ತಟ್ಟೆಯೊಂದಿತ್ತು, ಯಾರದೋ ಗೃಹಪ್ರವೇಶದ ನೆನಪಿಗೆಂದು ಅಂಚಿನಲ್ಲಿ ಚುಕ್ಕೆಚುಕ್ಕೆಯಾಗಿ ಹೆಸರು ಕೊರೆಸಿ ಕೊಟ್ಟದ್ದು. ಅದು ತೂತಿನ ಮೇಲೆ ಅಳತೆ ತೆಗೆದು ಮಾಡಿಸಿದಷ್ಟು ಸರಿಯಾಗಿ ಕೂತಿತು. ಕೊಟ್ಟವರ ಹೆಸರು ಕೆಂಡ ಸರಿದಾಗಲೆಲ್ಲ ಕಾಣಿಸುತ್ತದೆ. ಅವರಿಗೆ ಹೇಳಿಲ್ಲ.

ಮೊದಲ ಬೆಂಕಿ ಹಾಕಿದ್ದು ಭಾನುವಾರ. ಚೀಲದ ಇದ್ದಿಲ ಉಂಡೆ ತಂದಿದ್ದೆ. ಆ ಉಂಡೆಯ ಹಿಂದೆಯೂ ಕಾರೇ ಇದೆ. ಹೆನ್ರಿ ಫೋರ್ಡ್ ತನ್ನ ಕಾರುಗಳ ಮರದ ಭಾಗಗಳಿಗೆಂದು ಇದೇ ರಾಜ್ಯದ ಉತ್ತರದ ಕಾಡಿನಲ್ಲಿ, ಐರನ್ ಮೌಂಟನ್ ಎಂಬಲ್ಲಿ, ಮರದ ಕಾರ್ಖಾನೆ ಹಾಕಿದ. ಉಳಿದ ಚೂರುಪಾರು ಮರ ವ್ಯರ್ಥವಾಗುವುದನ್ನು ನೋಡಲಾರದೆ 1920ರ ದಶಕದಲ್ಲಿ ಅದನ್ನು ಸುಟ್ಟು ಇದ್ದಿಲು ಮಾಡಿ, ಉಂಡೆ ಕಟ್ಟಿಸಿ, ಕಾರಿನ ಡೀಲರುಗಳ ಮೂಲಕವೇ ಮಾರಿಸಿದ. ಕಾರು ಕೊಂಡವರು ಊರ ಹೊರಗೆ ಹೋಗಿ ಬುತ್ತಿ ಬೇಯಿಸಲಿ ಎಂದು. ‘ಜಿಪುಣ’ ಎಂದರು ಮಾವನವರು. ಅವರ ಬಾಯಲ್ಲಿ ಅದು ಮೆಚ್ಚುಗೆ. ಅಡಿಕೆ ಸಿಪ್ಪೆಯನ್ನು ಬಚ್ಚಲೊಲೆಗೆ ಬಿಟ್ಟು ಬೇರೆಲ್ಲೂ ಹಾಳು ಮಾಡದವರು ಅವರು.

ಬದನೆಕಾಯಿ ಸುಟ್ಟು ಗೊಜ್ಜಾಯಿತು. ಜೋಳಕ್ಕೆ ನಿಂಬೆಹುಳಿ, ಉಪ್ಪು, ಖಾರ. ಕೊನೆಗೆ ಅತ್ತೆಯವರು ಪೆಟ್ಟಿಗೆಯ ತಳದಿಂದ ಹಲಸಿನ ಹಪ್ಪಳ ತೆಗೆದರು. ಕೆಂಡದ ಮೇಲೆ ಹಪ್ಪಳ ಸುಡುವ ಕೈಚಳಕ ನೋಡಿಯೇ ನಂಬಬೇಕು. ನಾನು ಇಕ್ಕುಳ ಹುಡುಕುವಷ್ಟರಲ್ಲಿ ಅವರು ಬರಿಗೈಯಲ್ಲಿ ಹತ್ತು ಮಗುಚಿದ್ದರು. ಎಡಗಡೆಯ ಜಾಲರಿಗೆ ಜೋಳ ಅಂಟಿತು, ಬಲಗಡೆಯದಕ್ಕೆ ಅಂಟಲಿಲ್ಲ. ನಾನು ಏನೂ ಹೇಳಲಿಲ್ಲ. ಮಾವನವರು ಮಾರನೆಯ ಬೆಳಿಗ್ಗೆ, ಯಾರೂ ಏಳುವ ಮುನ್ನ, ಎಡಗಡೆಯದಕ್ಕೂ ಅಗಸೆಎಣ್ಣೆ ಹಚ್ಚಿ ಕಾಯಿಸಿಟ್ಟಿದ್ದರು. ಅವರೂ ಏನೂ ಹೇಳಲಿಲ್ಲ.

ಊಟಕ್ಕೆ ಕನ್ನಡ ಕೂಟದ ನಾಲ್ಕಾರು ಮನೆಯವರು ಬಂದಿದ್ದರು. ಅವರೆಲ್ಲರ ಹಿತ್ತಲಲ್ಲಿಯೂ ಚಳಿಗಾಲ ತಿಂದ ಒಂದೊಂದು ಗ್ರಿಲ್ಲು ಇತ್ತೆಂಬುದು ಆಗ ಬೆಳಕಿಗೆ ಬಂತು. ಮುಂದಿನ ಶನಿವಾರ ಒಂದು ಬಂತು. ಅದರ ಹಿಂದೆ ವ್ಯಾನಿನಲ್ಲಿ ಇನ್ನೆರಡು. ಮಾವನವರು ಕಿಟಕಿ ಬಿಟ್ಟು ಗ್ಯಾರೇಜಿಗೆ ಬಂದರು. ಬೆಳಿಗ್ಗೆ ಬೇಗ ತಿಂಡಿ ಮುಗಿಸುವುದು, ‘ಮಧ್ಯಾಹ್ನದೊಳಗೆ ಒಂದಾದ್ರೂ ಆಗಬೇಕು’ ಎನ್ನುವುದು, ತಟ್ಟಿ ನೋಡಿ ಕೆಲವನ್ನು ‘ಇದಕ್ಕೆ ಜೀವ ಇಲ್ಲ, ಒಯ್ಯಿರಿ’ ಎಂದು ವಾಪಸ್ ಕಳಿಸುವುದು ಎಲ್ಲ ನಡೆಯಿತು. ಗ್ಯಾಸಿನ ಗ್ರಿಲ್ಲೊಂದು ಬಂದಾಗ ಮಾತ್ರ ಬರ್ನರಿನ ಕೊಳವೆಯೊಳಗೆ ಜೇಡ ಗೂಡು ಕಟ್ಟಿದ್ದನ್ನು ಕಂಡು, ಜೇಡದ ಸಂಸಾರವನ್ನು ಜೋಪಾನವಾಗಿ ಬೇಲಿಯ ಆಚೆ ಬಿಟ್ಟು ಬಂದರು. ಕೊಳವೆಯ ಸಂದುಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೋ ನೋಡುವುದನ್ನು ನಾನು ಕಲಿಸಿಕೊಟ್ಟೆ. ಇಡೀ ವ್ಯವಹಾರದಲ್ಲಿ ನನ್ನ ಕೊಡುಗೆ ಅದೊಂದೇ ಎಂದು ಅವರು ಎಲ್ಲರೆದುರಿಗೂ ಹೇಳಿ ಗೌರವಿಸಿದರು.

ಹೀಗಿರುವಾಗ ವಾಸಿಯಾದ ಗ್ರಿಲ್ಲನ್ನು ಒಯ್ಯಲು ಬಂದ ಒಬ್ಬರು ಬರಿಗೈಯಲ್ಲಿ ಹೇಗೆ ಒಯ್ಯುವುದೆಂದು ಎರಡು ತೆಂಗಿನಕಾಯಿ ಕೊಟ್ಟು ಕೈ ಮುಗಿದು ಹೋದರು. ನನ್ನ ಹೆಂಡತಿಗೆ ಗಾಬರಿ.

‘ಅಪ್ಪ, ಟೂರಿಸ್ಟ್ ವೀಸಾದಲ್ಲಿ ಬಂದವ್ರು ಇಲ್ಲಿ ದುಡಿಯೋ ಹಾಗಿಲ್ಲ. ಕೆಲಸಕ್ಕೆ ಪ್ರತಿಫಲ ತಗೊಂಡ್ರೆ ತಪ್ಪಾಗುತ್ತೆ.’

‘ತೆಂಗಿನಕಾಯಿಗೂ?’

‘ದುಡ್ಡೋ ಕಾಯಿಯೋ, ತಗೊಂಡಿದ್ದು ತಗೊಂಡಿದ್ದೇ.’

ಮಾವನವರು ನನ್ನ ಮುಖ ನೋಡಿದರು. ಓದಿದವನಿಗೆ ಗೊತ್ತಿರಬೇಕಲ್ಲ. ನಾನು ವಲಸೆ ಕಾನೂನಿನ ಮೇಲೆ ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಕಾಯಿ ಒಡೆದ ಸದ್ದು ಕೇಳಿಸಿತು, ಮತ್ತೆ ಇನ್ನೊಂದು ಸದ್ದು. ಅತ್ತೆಯವರು ನಾಲ್ಕು ಹೋಳು ಹಿಡಿದು ಬಾಗಿಲಿಗೆ ಬಂದರು.

‘ಎರಡೂ ಕೊಳೆತು ಹೋಗಿದೆ. ಸಂಬಳ ಬರಲಿಲ್ಲ ಅಂತ ಬರ್ಕೊಳ್ಳಿ.’